ರೈಲು ಹೋಗದ ಊರು

ನಮ್ಮಜ್ಜಿಯ ದೇವರ ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆ ಭರಣಿ ಇತ್ತು. ಅದರೊಳಗೆ ಒಂದು ಹಿಡಿ ಮರಳು. 1962ರಲ್ಲಿ ಊರಿನವರ ಜೊತೆ ರಾಮೇಶ್ವರಕ್ಕೆ ಹೋದವಳು ಸೇತುವಿನಲ್ಲಿ ಮುಳುಗೆದ್ದು ತಂದದ್ದು. ಆ ಮರಳನ್ನು ಪ್ರಯಾಗದ ಸಂಗಮದಲ್ಲಿ ಬಿಟ್ಟು, ಅಲ್ಲಿಂದ ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದರೇ ಯಾತ್ರೆ ಪೂರ್ತಿ ಎಂಬುದು ಹಿರಿಯರ ನಂಬಿಕೆ. ಅಜ್ಜಿಗೆ ಪ್ರಯಾಗ ಕೂಡಿಬರಲಿಲ್ಲ, ಮರಳು ಭರಣಿಯಲ್ಲೇ ಉಳಿಯಿತು. ಆದರೆ ಭರಣಿ ತೆಗೆದಾಗಲೆಲ್ಲ ಅವಳು ದೇವರಿಗಿಂತ ಹೆಚ್ಚಾಗಿ ಹೇಳುತ್ತಿದ್ದದ್ದು ಧನುಷ್ಕೋಡಿಯ ಸ್ಟೇಷನ್ನಿನ ಸುದ್ದಿ. “ರೈಲಿಳಿದ್ರೆ ಎದುರಿಗೇ ಹಡಗು ಕಣೋ. ಟ್ರಂಕು ಹೊತ್ಕೊಂಡು ಇಳಿದೋರು ಹಾಗೇ ಹಡಗು ಹತ್ತಿ ಸಿಂಹಳಕ್ಕೆ ಹೋಗೋರು.”

ಆ ಸ್ಟೇಷನ್ ಹುಡುಕಿಕೊಂಡು ಹೋದೆ.

ರಾಮೇಶ್ವರ ದಾಟಿದ ಮೇಲೆ ನೆಲ ಸಪೂರವಾಗುತ್ತಾ ಹೋಗುತ್ತದೆ. ಟಾರು ರಸ್ತೆಯ ಎಡಕ್ಕೆ ಬಂಗಾಳ ಕೊಲ್ಲಿ, ತೊಟ್ಟಿಯ ನೀರಿನಷ್ಟು ಶಾಂತ. ಬಲಕ್ಕೆ ಮನ್ನಾರ್ ಕೊಲ್ಲಿ, ಒಂದೇ ಸಮನೆ ಬಡಿಯುವ ಅಲೆ. ಅಲ್ಲಿಯ ಮೀನುಗಾರರ ಬಾಯಲ್ಲಿ ಮೊದಲನೆಯದು ಹೆಣ್ಗಡಲು, ಎರಡನೆಯದು ಗಂಡುಗಡಲು. ಈ ರಸ್ತೆಯಾದದ್ದು 2017ರಲ್ಲಿ. ಅದಕ್ಕೂ ಮುಂಚೆ ಮರಳಿನ ಮೇಲೆ ವ್ಯಾನಿನಲ್ಲಿ ಕುಲುಕಾಡಿಕೊಂಡೇ ಹೋಗಬೇಕಿತ್ತು. ಈಗ ಕಾರುಗಳು ನೇರವಾಗಿ ತುದಿಯ ಅರಿಚಲ್‌ಮುನೈಗೆ ಓಡುತ್ತವೆ, ಜನ ಅಲ್ಲಿ ಫೋಟೊ ತೆಗೆಸಿಕೊಂಡು ತಿರುಗುತ್ತಾರೆ. ಊರಿದ್ದ ಜಾಗ ಅದಕ್ಕೂ ಕೆಲವು ಕಿಲೋಮೀಟರ್ ಹಿಂದೆಯೇ ಬರುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಇಗರ್ಜಿ. ಸೂರಿಲ್ಲ. ಬಲಿಪೀಠದ ಹಿಂದಿನ ಗೋಡೆ ಮಾತ್ರ ಆಕಾಶಕ್ಕೆ ಬೆನ್ನು ಕೊಟ್ಟು ನಿಂತಿದೆ. ಹತ್ತಿರ ಹೋಗಿ ಕೈಯಿಟ್ಟರೆ ಕಲ್ಲಿನ ತುಂಬ ತೂತು, ಜೇನುಹುಟ್ಟಿನ ಹಾಗೆ. ಅದು ಹವಳದ ಕಲ್ಲು. ಸಮುದ್ರದಿಂದಲೇ ತೆಗೆದ ಕಲ್ಲಿನಲ್ಲಿ ಕಟ್ಟಿದ ಊರನ್ನು ಸಮುದ್ರವೇ ವಾಪಸು ಕೇಳಿತು. ಇನ್ನೊಂದಿಷ್ಟು ದೂರದಲ್ಲಿ ಅಂಚೆ ಕಚೇರಿಯ ಗೋಡೆ, ಶಾಲೆಯ ಗೋಡೆ, ಬಾಗಿಲಿಲ್ಲದ ಬಾಗಿಲುಗಳು. ಕಿಟಕಿಯ ಈಚೆ ನಿಂತು ನೋಡಿದರೆ ಆಚೆಯೂ ಕಡಲೇ.

ಸ್ಟೇಷನ್ನಿನದು ಒಂದೆರಡು ಗೋಡೆ, ಮೂಲೆ ಮುರಿದ ಕಂಬಗಳು. ಅಜ್ಜಿ ಹೇಳಿದ ಹಡಗುಕಟ್ಟೆಯ ಕುರುಹೇ ಇಲ್ಲ. ಆದರೆ ಅವಳ ಮಾತು ಉತ್ಪ್ರೇಕ್ಷೆಯಾಗಿರಲಿಲ್ಲ. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದರಾಸಿನ ಎಗ್ಮೋರಿನಲ್ಲಿ ಕೊಂಡ ಒಂದೇ ಟಿಕೆಟ್ಟಿನಲ್ಲಿ ಕೊಲಂಬೊ ತಲುಪಬಹುದಿತ್ತು. ಧನುಷ್ಕೋಡಿಯವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಸ್ಟೀಮರು, ಆ ದಡದಲ್ಲಿ ಮತ್ತೆ ರೈಲು. ‘ಬೋಟ್ ಮೇಲ್’ ಎಂದೇ ಅದರ ಹೆಸರು. ಚಹಾ ತೋಟಗಳಿಗೆ ಕೂಲಿಗೆ ಹೋದವರು, ವ್ಯಾಪಾರಿಗಳು, ಯಾತ್ರಿಕರು ಇದೇ ಕಟ್ಟೆಯನ್ನು ತುಳಿದು ಹಾದುಹೋದವರು. ಸುಂಕದ ಕಚೇರಿ, ರೈಲ್ವೆ ಕ್ವಾರ್ಟರ್ಸು, ಛತ್ರ, ಅಂಗಡಿ, ಎಲ್ಲ ಇದ್ದ ಗಿಜಿಗುಡುವ ಗಡಿಯೂರು ಅದು.

1964ರ ಡಿಸೆಂಬರ್ 22ರ ರಾತ್ರಿ. ಪಾಂಬನ್‌ನಿಂದ 653ನೇ ನಂಬರಿನ ಪ್ಯಾಸೆಂಜರು ಹೊರಟಾಗ ನಡುರಾತ್ರಿಗೆ ಇನ್ನು ಕೆಲವೇ ನಿಮಿಷ. ಹೊರಗೆ ಚಂಡಮಾರುತ. ಧನುಷ್ಕೋಡಿ ಇನ್ನೇನು ಬಂತು ಎನ್ನುವಷ್ಟರಲ್ಲಿ ಸಿಗ್ನಲ್ ದೀಪ ಕಾಣಲಿಲ್ಲ. ಡ್ರೈವರು ಕಾದ, ಸೀಟಿ ಊದಿದ, ಕೊನೆಗೆ ಕತ್ತಲಲ್ಲೇ ಮುಂದೊತ್ತಿದ ಎಂದು ಹೇಳುತ್ತಾರೆ. ಅಲೆ ಇಡೀ ರೈಲನ್ನು ಎಳೆದುಕೊಂಡು ಹೋಯಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತಂತಿ ಕಡಿದು ಬಿದ್ದಿದ್ದರಿಂದ ಹೊರಗಿನವರಿಗೆ ಸುದ್ದಿ ತಿಳಿಯುವುದೂ ತಡವಾಯಿತು. ಬೆಳಗಾಗುವಾಗ ಊರೆಂಬ ಊರು ನೀರಿನೊಳಗಿತ್ತು.

ಅದೇ ಬಿರುಗಾಳಿ ಪಾಂಬನ್ ಸೇತುವೆಯನ್ನೂ ಕೆಡವಿತ್ತು. ಆಗಿನ್ನೂ ಎಳೆಯ ಎಂಜಿನಿಯರಾಗಿದ್ದ ಇ. ಶ್ರೀಧರನ್, ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲನ್ನು ತಂದವರು, ಅದನ್ನು 46 ದಿನಗಳಲ್ಲಿ ಎತ್ತಿ ನಿಲ್ಲಿಸಿದರು. ಸೇತುವೆ ಎದ್ದಿತು, ಧನುಷ್ಕೋಡಿ ಏಳಲಿಲ್ಲ. ಮನುಷ್ಯವಾಸಕ್ಕೆ ತಕ್ಕುದಲ್ಲವೆಂದು ಸರ್ಕಾರ ಘೋಷಿಸಿತು. ತೆಳ್ಳನೆಯ ಆ ಮರಳುಪಟ್ಟಿಯ ಮೇಲೆ ನಿಂತು ನೋಡಿದರೆ ಆ ತೀರ್ಮಾನ ತಪ್ಪೆನಿಸುವುದಿಲ್ಲ. ಆದರೆ ಊರಿನ ಜೊತೆಗೆ ಅದರ ನೆನಪನ್ನೂ ಕೈಬಿಟ್ಟದ್ದು ತಪ್ಪು. ‘ಭೂತದ ಊರು’ ಎಂದು ಕರೆದು ರೋಮಾಂಚನಗೊಳ್ಳುವವರಿಗೆ ಇಲ್ಲಿ ಟಿಕೆಟ್ ಹರಿದವರು, ಪತ್ರ ಹಂಚಿದವರು, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರು ಕಾಣುವುದೇ ಇಲ್ಲ.

ಊರು ಪೂರ್ತಿ ನಿರ್ಜನವೂ ಅಲ್ಲ. ಗೋಡೆಗಳ ನಡುವೆ ಗರಿಯ ಗುಡಿಸಲುಗಳಿವೆ, ಬಲೆ ಒಣಗುತ್ತಿರುತ್ತದೆ. ಶಂಖ, ಕಪ್ಪೆಚಿಪ್ಪಿನ ಸರ ಮಾರುತ್ತಿದ್ದ ಹೆಂಗಸನ್ನು, “ಅಕ್ಕಾ, ಕುಡಿಯೋ ನೀರಿಗೆ ಏನು ಮಾಡ್ತೀರಿ?” ಎಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಅವಳು ಮಾತಾಡದೆ ಕರೆದೊಯ್ದಳು. ಕಡಲಿನಿಂದ ಕೂಗಳತೆಯಲ್ಲಿ ಮೊಣಕಾಲುದ್ದದ ಗುಂಡಿ. ಚಿಪ್ಪಿನಲ್ಲಿ ಮೊಗೆದು ಕೊಟ್ಟಳು. ಸಿಹಿನೀರು! ಮರಳಿಗಿಳಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಹೆಚ್ಚು ಆಳಕ್ಕೆ ತೋಡಿದರೆ ಉಪ್ಪು ಮೇಲೆ ಬರುತ್ತದೆ. ಎಷ್ಟು ಬಗೆಯಬೇಕೆಂಬುದು ಅವಳ ಕೈಗೆ ಗೊತ್ತಿತ್ತು.

ಹೊರಡುವಾಗ ಇಗರ್ಜಿಯ ಬಳಿ ಇಬ್ಬರು ಹುಡುಗರು ಗೋಡೆಯಿಂದ ಹವಳದ ಕಲ್ಲಿನ ಚೂರನ್ನು ಕೀಳುತ್ತಿದ್ದರು, ನೆನಪಿಗೆಂದು. ನೀವು ಹೋದರೆ ದಯವಿಟ್ಟು ಅದೊಂದನ್ನು ಮಾಡಬೇಡಿ. ತುದಿಗೆ ಓಡುವ ಮುನ್ನ ಇಲ್ಲಿ ಅರ್ಧ ಗಂಟೆ ಇಳಿಯಿರಿ, ಸ್ಟೇಷನ್ನಿನ ಗೋಡೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಆ ರಾತ್ರಿಯ ಪ್ಯಾಸೆಂಜರಿನ ನಂತರ ಧನುಷ್ಕೋಡಿಗೆ ಇಂದಿನವರೆಗೂ ಒಂದು ರೈಲೂ ಬಂದಿಲ್ಲ.