ಬಿಸಿಲ ನಾಡಿನ ದುಡಿಮೆಗೆ ತಕ್ಕ ಉಡುಪು: ಅಂತರ್ಜಾಲ ಖರೀದಿಯಲ್ಲಿ ಗಮನಿಸಬೇಕಾದ ಅಂಶಗಳು

ಜವಳಿ ಅಂಗಡಿಗೆ ಹೋದ ಗ್ರಾಹಕನು ಬೆಲೆ ಕೇಳುವ ಮೊದಲೇ ಬಟ್ಟೆಯ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡುತ್ತಾನೆ. ಬಟ್ಟೆಯ ದಪ್ಪ, ನೇಯ್ಗೆಯ ಬಿಗಿ, ನೂಲಿನ ಗುಣ, ಹಾಕಿರುವ ಗಂಜಿಯ ಪ್ರಮಾಣ ಇವೆಲ್ಲವೂ ಆ ಒಂದು ಕ್ಷಣದಲ್ಲಿ ಅವನ ಅರಿವಿಗೆ ಬರುತ್ತವೆ. ಅಂತರ್ಜಾಲದ ಮೂಲಕ ಖರೀದಿಸುವವನಿಗೆ ಈ ಅನುಕೂಲವಿಲ್ಲ. ಅವನ ಮುಂದಿರುವುದು ಚಿತ್ರ ಮತ್ತು ಬೆಲೆ ಮಾತ್ರ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಸಣ್ಣ ಕಾರ್ಖಾನೆ, ವರ್ಕ್‌ಶಾಪ್, ಗೋದಾಮು, ಅಕ್ಕಿ ಗಿರಣಿ, ಹೋಟೆಲುಗಳ ಮಾಲೀಕರು ತಮ್ಮ ಕೆಲಸಗಾರರಿಗೆ ಬೇಕಾದ ಉಡುಪುಗಳನ್ನು ಅಂತರ್ಜಾಲದಲ್ಲಿ ತರಿಸಿಕೊಳ್ಳುವುದು ಇಂದು ಸಾಮಾನ್ಯವಾಗಿದೆ. ಹಲವು ಮಾರಾಟಗಾರರ ದರಗಳನ್ನು ಕುಳಿತಲ್ಲಿಯೇ ಹೋಲಿಸಬಹುದು. ಸರಕು ಬಾಗಿಲಿಗೇ ಬರುತ್ತದೆ. ಆದರೆ ಆಯ್ಕೆ ತಪ್ಪಿದರೆ ನಷ್ಟ ಎರಡು ಬಗೆಯದು. ಮಾಲೀಕನ ಹಣ ಒಮ್ಮೆ ಹೋಗುತ್ತದೆ. ಕೆಲಸಗಾರನ ಮೈ ಮಾತ್ರ ಬೇಸಿಗೆ ಮುಗಿಯುವವರೆಗೆ ಪ್ರತಿದಿನ ಬೇಯುತ್ತದೆ. ಬೆರಳುಗಳು ಹೇಳುತ್ತಿದ್ದುದನ್ನು ಅಂಕಿಗಳ ಮೂಲಕ ಕೇಳಿ ತಿಳಿಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಟ್ಟೆಯೂ ಬೆವರೂ

ದುಡಿಯುವ ದೇಹವು ಉತ್ಪಾದಿಸುವ ಶಾಖವು ಹೊರಹೋಗಲೇಬೇಕು. ಚರ್ಮದ ಉಷ್ಣತೆಯು ಸುಮಾರು 35 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿಯ ಉಷ್ಣತೆ ಇದನ್ನು ಮೀರಿದಾಗ ದೇಹವು ಗಾಳಿಗೆ ಶಾಖವನ್ನು ಬಿಟ್ಟುಕೊಡಲಾರದು. ಬದಲಾಗಿ ಗಾಳಿಯಿಂದಲೇ ಶಾಖವನ್ನು ಪಡೆಯುತ್ತದೆ. ಆಗ ಉಳಿಯುವ ಮುಖ್ಯ ಮಾರ್ಗವೆಂದರೆ ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಪ್ರಯೋಜನವಿಲ್ಲ. ಅದು ಮೈಯ ಮೇಲೆ ಅಥವಾ ಬಟ್ಟೆಯಲ್ಲಿ ಆರಬೇಕು. ಆದ್ದರಿಂದ ಉಡುಪು ಗಾಳಿಯನ್ನು ಒಳಬಿಡುತ್ತದೆಯೇ, ಬೆವರನ್ನು ಹೀರುತ್ತದೆಯೇ ಎಂಬುದು ಸೊಗಸಿನ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಹತ್ತಿಗೂ ಪಾಲಿಯೆಸ್ಟರಿಗೂ ಇರುವ ಅಂತರ ಇಲ್ಲಿಯೇ ಕಾಣುತ್ತದೆ. ಜವಳಿ ವ್ಯವಹಾರದಲ್ಲಿ ಹತ್ತಿಯ ತೇವಾಂಶ ಧಾರಣೆಯನ್ನು ಶೇಕಡಾ 8.5 ಎಂದೂ ಪಾಲಿಯೆಸ್ಟರಿನದನ್ನು ಶೇಕಡಾ 0.4 ಎಂದೂ ಲೆಕ್ಕ ಹಿಡಿಯಲಾಗುತ್ತದೆ. ಹತ್ತಿಯ ಎಳೆ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಪದೇ ಪದೇ ಒಗೆಯಬೇಕಾದ ಉಡುಪಿಗೆ ಇದೊಂದು ದೊಡ್ಡ ಗುಣ. ವಿಸ್ಕೋಸ್ ಎಳೆ ಇನ್ನೂ ಹೆಚ್ಚು ನೀರನ್ನು ಹೀರಿದರೂ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಬೇಗ ಸವೆಯುವುದಿಲ್ಲ, ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ. ಆದರೆ ಒತ್ತಾಗಿ ನೇಯ್ದ ಶುದ್ಧ ಪಾಲಿಯೆಸ್ಟರ್ ಅಂಗಿ ಬೆವರಿನ ಮೈಗೆ ಪ್ಲಾಸ್ಟಿಕ್ ಹೊದಿಸಿದಂತಾಗುತ್ತದೆ.

ಒಂದೇ ಬಟ್ಟೆ ಎಲ್ಲ ಊರಿಗೂ ಸಲ್ಲುವುದಿಲ್ಲ. ರಾಯಚೂರು, ಕಲಬುರಗಿಗಳ ಒಣ ಬಿಸಿಲಿನಲ್ಲಿ ಬೆವರು ತಾನಾಗಿಯೇ ಬೇಗ ಆರುತ್ತದೆ. ಅಲ್ಲಿ ಬಿಸಿಲನ್ನು ತಡೆಯುವ, ಪೂರ್ಣ ತೋಳಿನ, ಸಡಿಲವಾದ ಹತ್ತಿ ಅಂಗಿ ಉತ್ತಮ. ಮಂಗಳೂರು, ಕಾರವಾರಗಳ ತೇವದ ಗಾಳಿಯಲ್ಲಿ ಬೆವರು ಆರುವುದೇ ನಿಧಾನ. ದಪ್ಪ ಹತ್ತಿ ಬಟ್ಟೆ ಅಲ್ಲಿ ನೆನೆದು ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಒಗೆದದ್ದು ಮರುದಿನಕ್ಕೆ ಒಣಗುವುದೂ ಇಲ್ಲ. ಇಂತಹ ಕಡೆ ತೆಳುವಾದ, ನೇಯ್ಗೆ ಬಿಡಿಯಾದ ಹತ್ತಿ ಅಥವಾ ಹತ್ತಿಯ ಪಾಲು ಹೆಚ್ಚಿರುವ ಮಿಶ್ರ ಬಟ್ಟೆ ಅನುಕೂಲಕರ.

ಮಾರಾಟಗಾರನನ್ನು ಕೇಳಬೇಕಾದ ವಿವರಗಳು

ಮೊದಲನೆಯದು, ಎಳೆಗಳ ಪ್ರಮಾಣ. 'ಕಾಟನ್ ಫೀಲ್', 'ಕಾಟನ್ ಬ್ಲೆಂಡ್' ಎಂಬ ಮಾತುಗಳಿಗೆ ಅಳತೆಯಿಲ್ಲ. ಹತ್ತಿ ಶೇಕಡಾ ಎಷ್ಟು, ಪಾಲಿಯೆಸ್ಟರ್ ಎಷ್ಟು, ವಿಸ್ಕೋಸ್ ಎಷ್ಟು ಎಂಬುದನ್ನು ಬರೆಹದಲ್ಲಿ ಪಡೆಯಬೇಕು.

ಎರಡನೆಯದು, ಜಿ.ಎಸ್.ಎಂ., ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಸೆಖೆಯ ಪ್ರದೇಶದ ಕೆಲಸದ ಅಂಗಿಗೆ 120ರಿಂದ 160, ಪ್ಯಾಂಟಿಗೆ 200ರಿಂದ 250 ಜಿ.ಎಸ್.ಎಂ. ಸಾಮಾನ್ಯವಾಗಿ ಹೊಂದುತ್ತದೆ. ಜೀನ್ಸ್ ಬಟ್ಟೆ ಅನೇಕ ವೇಳೆ 300ನ್ನು ದಾಟುತ್ತದೆ. ಬಳ್ಳಾರಿ ಜೀನ್ಸ್ ತಯಾರಿಕೆಗೆ ಹೆಸರಾದ ಊರಾದರೂ ಅಲ್ಲಿನ ಬೇಸಿಗೆಯಲ್ಲಿ ಕುಲುಮೆಯ ಮುಂದೆ ನಿಲ್ಲುವವನಿಗೆ ದಪ್ಪ ಜೀನ್ಸ್ ಹಿತವಾಗದು.

ಮೂರನೆಯದು, ನೇಯ್ಗೆ. ಪಾಪ್ಲಿನ್‌ನಂತಹ ಸಾದಾ ನೇಯ್ಗೆ ಅಂಗಿಗೆ ಹಗುರ. ಓರೆ ಗೆರೆಗಳು ಕಾಣುವ ಟ್ವಿಲ್ ಹಾಗೂ ಡ್ರಿಲ್ ನೇಯ್ಗೆಗಳು ಉಜ್ಜಾಟವನ್ನು ಹೆಚ್ಚು ತಾಳುವುದರಿಂದ ಪ್ಯಾಂಟಿಗೆ ಯೋಗ್ಯ.

ನಾಲ್ಕನೆಯದು, ಕುಗ್ಗುವಿಕೆ. ಸ್ಯಾನ್‌ಫರೈಸ್ ಮಾಡಿದ ಹತ್ತಿ ಬಟ್ಟೆಯನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸಿರುವುದರಿಂದ ಒಗೆದಾಗ ಅದು ಅತ್ಯಲ್ಪ ಕುಗ್ಗುತ್ತದೆ. ಹೀಗೆ ಮಾಡದ ಬಟ್ಟೆಯ ಅಂಗಿ ಎರಡು ಒಗೆತಕ್ಕೆ ಕಂಕುಳಲ್ಲಿ ಬಿಗಿಯಾಗಿ ಹರಿಯಲಾರಂಭಿಸುತ್ತದೆ.

ಐದನೆಯದು, ಸಿದ್ಧ ಉಡುಪಿನ ಅಳತೆ. 40, 42 ಎಂಬ ಸಂಖ್ಯೆಯನ್ನು ಕೆಲವರು ಮೈಯ ಅಳತೆಗೂ ಕೆಲವರು ಉಡುಪಿನ ಅಳತೆಗೂ ಬಳಸುತ್ತಾರೆ. ಎದೆ, ಭುಜ, ಉದ್ದಗಳನ್ನು ಉಡುಪಿನ ಮೇಲೆಯೇ ಅಳೆದು ತಿಳಿಸಬೇಕೆಂದು ಕೇಳುವುದು ಲೇಸು. ಕೈ ಎತ್ತಿ, ಬಗ್ಗಿ ದುಡಿಯುವವನ ಅಂಗಿಯ ಎದೆಯ ಸುತ್ತಳತೆ ಮೈಯ ಅಳತೆಗಿಂತ 4ರಿಂದ 6 ಅಂಗುಲ ಹೆಚ್ಚಿರಬೇಕು.

ಕೆಲಸಕ್ಕೆ ತಕ್ಕ ಉಡುಪು

ಸಡಿಲ ಉಡುಪು ಸೆಖೆಗೆ ಒಳ್ಳೆಯದಾದರೂ ತಿರುಗುವ ಯಂತ್ರದ ಬಳಿ ಅಪಾಯಕಾರಿ. 1948ರ ಕಾರ್ಖಾನೆಗಳ ಕಾಯ್ದೆಯ 22ನೆಯ ಕಲಮು ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸುವ ತರಬೇತಿ ಪಡೆದ ಕೆಲಸಗಾರನು ಮೈಗೆ ಒಪ್ಪುವ ಬಿಗಿಯಾದ ಉಡುಪು ಧರಿಸಬೇಕೆಂದೂ ಅದನ್ನು ಮಾಲೀಕನೇ ಒದಗಿಸಬೇಕೆಂದೂ ವಿಧಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಜಾರಿಗೆ ಬಂದಿದೆ. ಕಾನೂನು ಬದಲಾದರೂ ಲೇತ್ ಯಂತ್ರದ ಗುಣ ಬದಲಾಗಿಲ್ಲ. ಅಲ್ಲಿ ಜೋಲುವ ತೋಳು, ಹೊರಬಿಟ್ಟ ಅಂಗಿಯ ಅಂಚು ಸಲ್ಲದು. ಬಟ್ಟೆ ತೆಳುವಾಗಿರಲಿ, ಆಕಾರ ಅಚ್ಚುಕಟ್ಟಾಗಿರಲಿ.

ವೆಲ್ಡಿಂಗ್ ಮಾಡುವವನಿಗೆ ಪಾಲಿಯೆಸ್ಟರ್ ಕೊಡಲೇಬಾರದು. ಅದು ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿ ಕರಗುವುದಿಲ್ಲ, ಆದರೆ ಉರಿಯುತ್ತದೆ. ಕುಲುಮೆಯ ಬಳಿ, ಕಾದ ಲೋಹದ ಮುಂದೆ ನಿಲ್ಲುವವನಿಗೆ ಸಾದಾ ಹತ್ತಿಯೂ ಸಾಲದು. ಅಂತಹವರಿಗೆ ಶಾಖದಿಂದ ರಕ್ಷಿಸುವ ಉಡುಪುಗಳ ಭಾರತೀಯ ಮಾನಕ ಐ.ಎಸ್. 15748ಕ್ಕೆ ಅನುಗುಣವಾದ ಉಡುಪನ್ನೇ ಕೇಳಬೇಕು.

ಬಣ್ಣದ ವಿಷಯದಲ್ಲಿ, ಬಯಲಿನಲ್ಲಿ ದುಡಿಯುವವನಿಗೆ ತಿಳಿ ಬಣ್ಣ ಬಿಸಿಲನ್ನು ಕಡಿಮೆ ಹೀರುತ್ತದೆ. ಸೂರಿನಡಿ ಈ ಅಂತರ ಗಣನೀಯವಲ್ಲ. ಧೂಳು ಕಾಣದ, ಬಿಸಿಲನ್ನೂ ಅತಿಯಾಗಿ ಹೀರದ ನಡುವಣ ದಾರಿಯೇ ಖಾಕಿ. ಧೂಳು ಎಂಬರ್ಥದ ಪಾರಸಿ ಮೂಲದ ಈ ಹೆಸರಿನ ಬಣ್ಣಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಅವರು ಖಾಕಿ ಬಣ್ಣವನ್ನು ಸಿದ್ಧಪಡಿಸಿದರು. ದುಡಿಮೆಯ ಉಡುಪಿನ ಆಯ್ಕೆ ಈ ನಾಡಿಗೆ ಹೊಸ ವಿಚಾರವೇನಲ್ಲ.

ಮಾದರಿ ತರಿಸಿ ಪರೀಕ್ಷಿಸುವುದು

ಎಷ್ಟೇ ವಿವರ ಪಡೆದರೂ ಮೊದಲು ಎರಡು ಮೂರು ಉಡುಪುಗಳನ್ನು ಮಾತ್ರ ತರಿಸಿ ನೋಡಬೇಕು. ಒಂದನ್ನು ಪರೀಕ್ಷೆಗೆಂದು ಕತ್ತರಿಸಲು ಹಿಂಜರಿಯಬಾರದು.

10 ಸೆಂಟಿಮೀಟರ್ ಉದ್ದಗಲದ ತುಂಡನ್ನು ಕತ್ತರಿಸಿ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ಗ್ರಾಂಗಳನ್ನು 100ರಿಂದ ಗುಣಿಸಿದರೆ ಜಿ.ಎಸ್.ಎಂ. ದೊರೆಯುತ್ತದೆ, 1.4 ಗ್ರಾಂ ಬಂದರೆ 140. ಹೊಸ ಬಟ್ಟೆಯ ಗಂಜಿಯೂ ತೂಗುವುದರಿಂದ ಒಗೆದು ಒಣಗಿಸಿದ ಬಳಿಕ ತೂಗುವುದು ಸರಿ. ಅಡ್ಡ ಹಾಗೂ ಉದ್ದದ ನೂಲುಗಳನ್ನು ಬೇರೆ ಬೇರೆಯಾಗಿ ಬಿಡಿಸಿ ಚಿಮುಟದಲ್ಲಿ ಹಿಡಿದು ಉರಿಸಿದರೆ, ಹತ್ತಿ ಕಾಗದದ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಗಟ್ಟಿ ಮಣಿಯಾಗುತ್ತದೆ. ಮಿಶ್ರ ಬಟ್ಟೆಯಲ್ಲಿ ಎರಡೂ ಕಾಣುತ್ತವೆ. ಒಗೆದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ತಕ್ಷಣ ಹರಡಿದರೆ ಬೆವರನ್ನೂ ಹೀರುತ್ತದೆ. ಮಣಿಯಂತೆ ನಿಂತರೆ ಇಲ್ಲ.

ಉಳಿದ ಉಡುಪಿನ ಮೇಲೆ 50 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ ಮೂರು ಬಾರಿ ಒಗೆದು ಅಳೆಯಬೇಕು. ಒಂದು ಸೆಂಟಿಮೀಟರ್ ಕಡಿಮೆಯಾದರೆ ಕುಗ್ಗುವಿಕೆ ಶೇಕಡಾ 2. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಅಂಟಿದರೆ ಬೆವರಿಗೂ ಅದು ಬಿಡುತ್ತದೆ. ಹೊಲಿಗೆಯಲ್ಲಿ ಅಂಗುಲಕ್ಕೆ 10ರಿಂದ 12 ಹಾಕುಗಳಿರಬೇಕು. ಪಕ್ಕಗಳಲ್ಲಿ ಮಡಿಚಿ ಹಾಕಿದ ಎರಡು ಸಾಲು ಹೊಲಿಗೆ, ಜೇಬಿನ ಮೂಲೆಗಳಲ್ಲಿ ಒತ್ತಾದ ಬಾರ್‌ಟ್ಯಾಕ್ ಹೊಲಿಗೆ ಇರಬೇಕು. ಕೆಲಸದ ಉಡುಪು ನಡುಭಾಗದಲ್ಲಿ ಹರಿಯುವುದು ಅಪರೂಪ; ಜೇಬು, ಕಂಕುಳು, ಕವಲುಗಳಲ್ಲಿ ಮೊದಲು ಸೋಲುತ್ತದೆ.

ಕೊನೆಯದಾಗಿ, ಅದೇ ಕೆಲಸ ಮಾಡುವ ಒಬ್ಬ ಕೆಲಸಗಾರನು ಒಂದು ವಾರ ಅದನ್ನು ತೊಟ್ಟು ದುಡಿಯಲಿ. ಅವನ ಅಭಿಪ್ರಾಯವು ಜಾಲತಾಣದ ಹೊಗಳಿಕೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಕಾನೂನು ಮತ್ತು ತೆರಿಗೆ

ಮಾದರಿ ತರಿಸುವುದಕ್ಕೆ ಕಾನೂನಿನ ದೃಷ್ಟಿಯಿಂದಲೂ ಮಹತ್ವವಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ವ್ಯಾಖ್ಯೆಯಂತೆ ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಳ್ಳುವವನು ಗ್ರಾಹಕನಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವವನಿಗೆ ವಿನಾಯಿತಿಯಿದೆ. ಆದರೆ ಐವತ್ತು ಮಂದಿಯ ಕಾರ್ಖಾನೆಗೆ ಉಡುಪು ತರಿಸಿದವನು ಗ್ರಾಹಕ ಆಯೋಗದ ಮುಂದೆ ಹೋದರೆ ಎದುರು ಪಕ್ಷವು ಮೊದಲು ಎತ್ತುವ ಆಕ್ಷೇಪಣೆ ಇದೇ. ಆದ್ದರಿಂದ ಆ ರಕ್ಷಣೆಯನ್ನೇ ನಂಬಿ ವ್ಯವಹರಿಸುವುದು ಜಾಣತನವಲ್ಲ.

ವ್ಯಾಪಾರಿಯ ನೆರವಿಗೆ ಬರುವುದು 1930ರ ಸರಕುಗಳ ಮಾರಾಟ ಕಾಯ್ದೆ. ವಿವರಣೆಯ ಮೇಲೆ ಮಾರಿದ ಸರಕು ವಿವರಣೆಗೆ ಹೊಂದಬೇಕೆಂದು ಅದರ 15ನೆಯ ಕಲಮೂ, ಮಾದರಿಯ ಮೇಲೆ ಮಾರಿದ ಸರಕು ಗುಣದಲ್ಲಿ ಮಾದರಿಗೆ ಹೊಂದಬೇಕೆಂದು 17ನೆಯ ಕಲಮೂ ಹೇಳುತ್ತವೆ. ಎರಡನ್ನೂ ಆಧರಿಸಿದ ಮಾರಾಟದಲ್ಲಿ ಮಾದರಿಗೆ ಮಾತ್ರ ಹೊಂದಿದರೆ ಸಾಲದು, ವಿವರಣೆಗೂ ಹೊಂದಬೇಕು. ಆದುದರಿಂದ ಆದೇಶದಲ್ಲಿ 'ಕಳುಹಿಸಿದ ಮಾದರಿಯಂತೆ' ಎಂಬ ಮಾತನ್ನೂ ಎಳೆಯ ಪ್ರಮಾಣ, ಜಿ.ಎಸ್.ಎಂ., ಅಳತೆಗಳನ್ನೂ ಬರೆಯಬೇಕು. ಒಂದು ಮಾದರಿಯನ್ನು ಒಗೆಯದೆ ಕಾದಿರಿಸಬೇಕು. ಸರಕು ಬಂದ ಕೂಡಲೇ ಹೋಲಿಸಿ, ದೋಷವಿದ್ದರೆ ಬರೆಹದಲ್ಲಿ ತಿಳಿಸಬೇಕು. ಯುಕ್ತ ಕಾಲ ಮೀರಿಯೂ ಸುಮ್ಮನಿದ್ದರೆ 42ನೆಯ ಕಲಮಿನಂತೆ ಸರಕನ್ನು ಒಪ್ಪಿಕೊಂಡಂತಾಗುತ್ತದೆ.

ತೆರಿಗೆಯ ವಿಷಯದಲ್ಲಿ, 2025ರ ಸೆಪ್ಟೆಂಬರ್ 22ರಿಂದ ಒಂದಕ್ಕೆ ರೂ. 2,500 ಮೀರದ ಉಡುಪುಗಳಿಗೆ ಜಿ.ಎಸ್.ಟಿ. ಶೇಕಡಾ 5, ಅದಕ್ಕೂ ಹೆಚ್ಚಿನ ಬೆಲೆಯವಕ್ಕೆ ಶೇಕಡಾ 18 ಇದೆ. ಅದಕ್ಕೆ ಮೊದಲು ರೂ. 1,000 ಮೀರಿದವಕ್ಕೆ ಶೇಕಡಾ 12 ತೆರಿಗೆಯಿತ್ತು. ಹೀಗಾಗಿ ಗಟ್ಟಿಮುಟ್ಟಾದ ಕೆಲಸದ ಉಡುಪುಗಳಲ್ಲಿ ಬಹುಪಾಲು ಈಗ ಕಡಿಮೆ ದರಕ್ಕೆ ಒಳಪಡುತ್ತವೆ. ಆದೇಶ ಕೊಡುವಾಗ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಾಗದಿದ್ದರೆ ಬಿಲ್ಲು ಸಾಮಾನ್ಯ ಗ್ರಾಹಕನ ಬಿಲ್ಲಾಗಿ, ಹೂಡುವಳಿ ತೆರಿಗೆಯ ಜಮೆ ಕೇಳಲು ಅಡ್ಡಿಯಾಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ದೊರೆಯುವುದಿಲ್ಲ.

ಅಗ್ಗವೆಂದರೆ ಯಾವುದು?

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. 30 ಕೆಲಸಗಾರರಿಗೆ ತಲಾ ಎರಡರಂತೆ 60 ಅಂಗಿಗಳು ಬೇಕಾಗಿವೆ. ರೂ. 400ರ ಅಂಗಿ ಐದು ತಿಂಗಳು ಬಾಳಿದರೆ ತಿಂಗಳ ಖರ್ಚು ಅಂಗಿಗೆ ರೂ. 80; ರೂ. 650ರ ಅಂಗಿ ಹದಿಮೂರು ತಿಂಗಳು ಬಾಳಿದರೆ ರೂ. 50. ಮೊದಲ ದಿನ ರೂ. 15,000 ಉಳಿಸಿದಂತೆ ಕಂಡವನು ಪ್ರತಿ ತಿಂಗಳೂ ರೂ. 1,800 ಕಳೆದುಕೊಳ್ಳುತ್ತಾನೆ. ಸೆಖೆಗೆ ಬಸವಳಿದು ನಿಧಾನವಾದ ಕೆಲಸದ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ಆದೇಶದೊಂದಿಗೆ ಕೆಲವು ಹೆಚ್ಚುವರಿ ಉಡುಪುಗಳನ್ನು ತರಿಸಿಟ್ಟುಕೊಳ್ಳುವುದು ಒಳಿತು. ಬಣ್ಣದ ತೊಟ್ಟಿ ಬದಲಾದಂತೆ ಛಾಯೆಯೂ ಬದಲಾಗುವುದರಿಂದ ಆರು ತಿಂಗಳ ಬಳಿಕ ಅದೇ ಬಣ್ಣ ಸಿಗುವ ಭರವಸೆಯಿಲ್ಲ. ಬಳಕೆಯಲ್ಲಿ ಗಟ್ಟಿ ಗಂಜಿಯನ್ನೂ ಬಟ್ಟೆ ಮೃದುಗೊಳಿಸುವ ದ್ರವಗಳನ್ನೂ ದೂರವಿಡಬೇಕು. ಮೊದಲನೆಯದು ಗಾಳಿಯನ್ನು ತಡೆದರೆ ಎರಡನೆಯದು ಹೀರುವ ಗುಣವನ್ನು ಕುಗ್ಗಿಸುತ್ತದೆ.

ಕಚ್ಚಾ ಮಾಲು ಕೊಳ್ಳುವಾಗ ಮಾದರಿ, ಅಳತೆ, ತೂಕಗಳನ್ನು ನೋಡದೆ ಹಣ ಕೊಡುವ ಉದ್ಯಮಿ ಇಲ್ಲ. ಅದೇ ಎಚ್ಚರವನ್ನು ಕೆಲಸಗಾರನ ಅಂಗಿಗೂ ವಿಸ್ತರಿಸಿದರೆ ಅಂತರ್ಜಾಲದ ಖರೀದಿಯು ಅಂಗಡಿಯ ಖರೀದಿಗಿಂತ ಯಾವ ವಿಧದಲ್ಲಿಯೂ ಕಡಿಮೆಯಾಗದು. ಅಂಗಿಯ ಬೆಲೆ ಕೊಡುವವನು ಮಾಲೀಕನಾದರೂ ಅದನ್ನು ದಿನಕ್ಕೆ ಎಂಟು ಗಂಟೆ ಹೊರುವವನು ಬೇರೊಬ್ಬನು ಎಂಬುದನ್ನು ಆದೇಶ ಕಳುಹಿಸುವ ಮುನ್ನ ನೆನೆಯುವುದು ಒಳ್ಳೆಯದು.