ಕೊನೆಯ ಮನೆಯ ನಲ್ಲಿಗೆ ಬಿಟ್ಟಿ ಲೆಕ್ಕ

ಓವರ್‌ಹೆಡ್ ಟ್ಯಾಂಕಿನಿಂದ ಹೊರಟ ನೀರು ಯಾವ ಮನೆಗೆ ಎಷ್ಟು ಒತ್ತಡದಲ್ಲಿ ತಲುಪುತ್ತದೆ ಎಂಬುದನ್ನು ಪೈಪು ಹೂಳುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಂತ್ರಾಂಶ ಇಪಿಎನೆಟ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ಲೂಯಿಸ್ ರಾಸ್‌ಮನ್ ರೂಪಿಸಿದ ಇದು 1993ರಲ್ಲಿ ಹೊರಬಂತು. ಇದಕ್ಕೆ ಬೆಲೆಯಿಲ್ಲ, ಒಳಗಿನ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು, ಸಾಧಾರಣ ಲ್ಯಾಪ್‌ಟಾಪು ಸಾಕು. ನಮ್ಮವರದ್ದೇ ಆದ ‘ಜಲತಂತ್ರ’ವನ್ನು ಐಐಟಿ ಬಾಂಬೆ ಗ್ರಾಮೀಣ ಯೋಜನೆಗಳಿಗೆಂದು ಸಿದ್ಧಪಡಿಸಿದೆ. ಅದೂ ಉಚಿತ. ಕವಲೊಡೆಯುವ ಪೈಪುಜಾಲದಲ್ಲಿ ಎಲ್ಲಿ ಯಾವ ಗಾತ್ರದ ಪೈಪು ಹಾಕಿದರೆ ಖರ್ಚು ಕಡಿಮೆ ಎಂದು ಅದು ಹೇಳುತ್ತದೆ.

ಹನೂರು ತಾಲ್ಲೂಕಿನ ಶಾಗ್ಯದಂಥ ಊರಿಗೆ ಇಂಥ ಲೆಕ್ಕದ ಉಪಯೋಗವೇನು ಎಂಬುದು ಅಂಕಿಗಳಲ್ಲೇ ತಿಳಿಯುತ್ತದೆ. 300 ಮನೆಗಳ ಒಂದು ಬಡಾವಣೆ, ಮನೆಗೆ ಐದು ಮಂದಿ ಎಂದುಕೊಂಡರೆ, ಜಲ ಜೀವನ್ ಮಿಷನ್ ನಿಗದಿಮಾಡಿದ ತಲಾ 55 ಲೀಟರಿನಂತೆ ದಿನಕ್ಕೆ 82,500 ಲೀಟರು ಬೇಕು. ದಿನವಿಡೀ ಹರಿಸಿದರೆ ಸೆಕೆಂಡಿಗೆ ಒಂದು ಲೀಟರಿಗಿಂತ ತುಸು ಕಡಿಮೆ. ಅಷ್ಟನ್ನೂ ಬೆಳಿಗ್ಗೆ ಎರಡೇ ಗಂಟೆಯಲ್ಲಿ ಬಿಟ್ಟರೆ ಹರಿವು ಹನ್ನೆರಡು ಪಟ್ಟಾಗುತ್ತದೆ. ಆದರೆ ಪೈಪಿನೊಳಗಿನ ಘರ್ಷಣೆ ಹನ್ನೆರಡು ಪಟ್ಟಿಗೆ ನಿಲ್ಲುವುದಿಲ್ಲ, ಸುಮಾರು ನೂರು ಪಟ್ಟಾಗುತ್ತದೆ. ಒಳವ್ಯಾಸ 100 ಮಿಲಿಮೀಟರಿನ ಪಿವಿಸಿ ಪೈಪಿನಲ್ಲಿ ಇಷ್ಟೂ ನೀರು ಅರ್ಧ ಕಿಲೋಮೀಟರು ಸಾಗುವಷ್ಟರಲ್ಲಿ ಹತ್ತು ಮೀಟರಿಗೂ ಹೆಚ್ಚು ಎತ್ತರದ ಒತ್ತಡ ಕಳೆದುಹೋಗುತ್ತದೆ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ 12 ಮೀಟರು ಮೇಲಿದ್ದರೆ ಕೊನೆಯ ಮನೆಗೆ ಉಳಿಯುವುದು ಒಂದೂವರೆ ಮೀಟರಿನಷ್ಟು. ಬಿಂದಿಗೆ ತುಂಬಲು ಎಷ್ಟು ಹೊತ್ತು ಕಾಯಬೇಕೆಂದು ಆ ಮನೆಯವರನ್ನೇ ಕೇಳಬೇಕು. ಅದೇ ಪೈಪು 150 ಮಿಲಿಮೀಟರಿನದ್ದಾಗಿದ್ದರೆ ನಷ್ಟ ಒಂದೂವರೆ ಮೀಟರು ಮಾತ್ರ. ಪೈಪು ಬದಲಿಸದೆ ನೀರು ಬಿಡುವ ಸಮಯ ಹೆಚ್ಚಿಸಿದರೂ ಫಲ ಸಿಗುತ್ತದೆ, ಅದಕ್ಕೆ ರಸ್ತೆ ಅಗೆಯಬೇಕಿಲ್ಲ.

ಒಂದೇ ಪೈಪಿನ ಈ ಲೆಕ್ಕ ಕಾಗದದ ಮೇಲೂ ಆಗುತ್ತದೆ. ಪೈಪುಗಳು ಒಂದಕ್ಕೊಂದು ಸೇರಿ ಸುತ್ತುಗಳಾದಾಗ ನೀರು ಯಾವ ದಾರಿಯಲ್ಲಿ ಎಷ್ಟು ಹೋಗುತ್ತದೆಂದು ಹೇಳುವುದು ಕಷ್ಟ. ಅದನ್ನು ಕೈಯಲ್ಲೇ ಬಿಡಿಸುವ ವಿಧಾನವನ್ನು ಎಂಜಿನಿಯರ್ ಹಾರ್ಡಿ ಕ್ರಾಸ್ 1936ರಲ್ಲಿ ಕೊಟ್ಟರು. ಈಗ ಇಪಿಎನೆಟ್ ನೂರಾರು ಪೈಪುಗಳನ್ನು ಕ್ಷಣದಲ್ಲಿ ಬಿಡಿಸುತ್ತದೆ. ಪಂಪು ಚಾಲೂ ಆಗುವುದು, ಟ್ಯಾಂಕು ತುಂಬಿ ಖಾಲಿಯಾಗುವುದು, ದೂರದ ನಲ್ಲಿಗೆ ಬರುವಷ್ಟರಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಎಂಬುದನ್ನೂ ಗಂಟೆಗಂಟೆಗೆ ತೋರಿಸುತ್ತದೆ.

ತಂತ್ರಾಂಶ ಬಿಟ್ಟಿ ಸಿಕ್ಕರೂ ಅದಕ್ಕೆ ಉಣಿಸುವ ಮಾಹಿತಿ ಬಿಟ್ಟಿ ಸಿಗುವುದಿಲ್ಲ. ಪೈಪಿನ ಉದ್ದ, ವ್ಯಾಸ, ವಯಸ್ಸು, ಪ್ರತಿ ಕವಲಿನ ನೆಲದ ಎತ್ತರ ಬೇಕು. ಉಪಗ್ರಹದ ಎತ್ತರದ ನಕ್ಷೆಗಳು ಪುಕ್ಕಟೆ ಸಿಗುತ್ತವೆ, ಉಚಿತವಾದ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆಯಬಹುದು. ಆದರೆ ಅವುಗಳಲ್ಲಿ ಕೆಲವು ಮೀಟರುಗಳ ತಪ್ಪಿರುತ್ತದೆ. ಒಂದೂವರೆ ಮೀಟರಿನ ಒತ್ತಡಕ್ಕಾಗಿ ಹೆಣಗುವಲ್ಲಿ ಅಷ್ಟು ತಪ್ಪು ಇಡೀ ಲೆಕ್ಕವನ್ನೇ ಕೆಡಿಸುತ್ತದೆ. ಲೆವೆಲ್ ಉಪಕರಣ ಹಿಡಿದು ಅಳೆಯುವುದೇ ಸರಿ. ಹಳೆಯ ವಾಲ್ವು ಯಾವ ಮನೆಯ ಮುಂದೆ ಹೂತಿದೆ, ಯಾವುದು ಅರ್ಧ ಮಾತ್ರ ತಿರುಗುತ್ತದೆ ಎಂಬುದು ಎಷ್ಟೋ ಊರುಗಳಲ್ಲಿ ಕಡತದಲ್ಲಿಲ್ಲ, ನೀರುಗಂಟಿಯ ತಲೆಯಲ್ಲಿದೆ. ಎಂಜಿನಿಯರು ಅವನ ಜೊತೆ ಬೀದಿ ಸುತ್ತದೆ ಮಾಡಿದ ಮಾದರಿ ಪರದೆಯ ಮೇಲೆ ಚೆಂದ ಕಾಣುತ್ತದೆ, ಅಷ್ಟೇ.

ಇನ್ನೊಂದು ತೊಡಕೂ ಇದೆ. ಪೈಪು ಸದಾ ತುಂಬಿದೆ ಎಂದು ಇಪಿಎನೆಟ್ ಭಾವಿಸುತ್ತದೆ. ನಮ್ಮ ಊರುಗಳಲ್ಲಿ ಪೈಪು ಬರಿದಾಗಿ ಮತ್ತೆ ತುಂಬುತ್ತದೆ, ಮೊದಲು ಗಾಳಿ ಸುಯ್ಯೆನ್ನುತ್ತದೆ. ಹಳೆಯ ಆವೃತ್ತಿಗಳು ಒತ್ತಡವಿಲ್ಲದ ನಲ್ಲಿಗೂ ಪೂರ್ತಿ ನೀರು ಕೊಟ್ಟಂತೆ ಲೆಕ್ಕ ತೋರಿಸುತ್ತಿದ್ದವು. ಒತ್ತಡ ಕುಸಿದಂತೆ ನೀರೂ ಕಡಿಮೆಯಾಗುವ ಲೆಕ್ಕ 2.2 ಆವೃತ್ತಿಯಲ್ಲಿ ಸೇರಿತು. ಪೈಪು ತುಂಬುವ ಆ ಮೊದಲ ಹೊತ್ತು ಮಾತ್ರ ಇನ್ನೂ ಅದರ ಹಿಡಿತಕ್ಕೆ ಸಿಕ್ಕಿಲ್ಲ.

ಮಾದರಿಯನ್ನು ಕೊನೆಗೆ ಒಂದು ಸಾದಾ ಅಕ್ಷರಗಳ ಕಡತವಾಗಿ ಉಳಿಸಿಡಬಹುದು. ಪೈಪಿಗೊಂದು ಸಾಲು, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಕಾಮಗಾರಿ ಮುಗಿದಾಗ ಗುತ್ತಿಗೆದಾರರಿಂದ ಗ್ರಾಮ ಪಂಚಾಯಿತಿ ಅದನ್ನು ಕೇಳಿ ಪಡೆದಿಟ್ಟುಕೊಂಡರೆ, ಮುಂದೆ ಹೊಸ ಬಡಾವಣೆಗೆ ಸಂಪರ್ಕ ಕೊಡುವಾಗ ಅದೇ ಕಡತಕ್ಕೆ ನಾಲ್ಕು ಸಾಲು ಸೇರಿಸಿ, ಹಳೆಯ ಮನೆಗಳ ನೀರು ಎಷ್ಟು ಇಳಿಯುತ್ತದೆಂದು ಮೊದಲೇ ನೋಡಬಹುದು.