ನೂಲ ಹುಣ್ಣಿಮೆಯೂ ಕಡಲಿನ ಕಟ್ಟಳೆಯೂ

ಶ್ರಾವಣದ ಹುಣ್ಣಿಮೆಯು ವೈದಿಕರಿಗೆ ಉಪಾಕರ್ಮದ ದಿನ. ಕನ್ನಡನಾಡಿನಲ್ಲಿ ಅದಕ್ಕೆ ನೂಲ ಹುಣ್ಣಿಮೆಯೆಂದು ಹೆಸರು. ಮುಂಬಯಿಯ ಕೋಳಿವಾಡಗಳಲ್ಲಿ ಅದೇ ತಿಥಿಯು ನಾರಳೀ ಪೌರ್ಣಿಮೆ. ಉಡುಪಿ, ಮಂಗಳೂರುಗಳ ಕಡಲ ಕರೆಯಲ್ಲಿರುವ ಮೊಗವೀರ ಗ್ರಾಮಗಳಿಗಾದರೋ ಅದು ಸಮುದ್ರಪೂಜೆಯ ದಿನ. ಜನಿವಾರಕ್ಕೂ ಬಲೆಗೂ ಒಂದೇ ಹುಣ್ಣಿಮೆ ಒದಗಿದುದು ಕಾಕತಾಳೀಯವಿರಬಹುದು. ಆದರೆ ಮೀನುಗಾರರು ಈ ತಿಥಿಯನ್ನು ಹಿಡಿದುದಕ್ಕೆ ಕಾರಣವುಂಟು.

ಪೂಜೆಯ ವಿಧಾನ ಸರಳವಾದುದು. ದೇವಸ್ಥಾನದಲ್ಲಿ ಪ್ರಾರ್ಥಿಸಿ, ವಾದ್ಯಸಮೇತರಾಗಿ ದಡಕ್ಕೆ ಬಂದು, ತೆರೆಗಳಿಗೆ ಹಾಲು, ಹೂ, ತೆಂಗಿನಕಾಯಿಗಳನ್ನು ಅರ್ಪಿಸುತ್ತಾರೆ. ಮಲ್ಪೆಯಲ್ಲಿ ಮೆರವಣಿಗೆ ವಡಭಾಂಡೇಶ್ವರದ ಬಲರಾಮನ ಸನ್ನಿಧಿಯಿಂದ ಹೊರಡುತ್ತದೆ. ಕಡಲು ಶಾಂತವಾಗಲಿ, ಮೀನು ಹೇರಳವಾಗಲಿ, ಹೋದವರು ಮರಳಿ ಬರಲಿ ಎಂಬುದು ಬೇಡಿಕೆ. ಕೊನೆಯದೇ ಮೊದಲಿನದೆಂಬುದನ್ನು ದಡದಲ್ಲಿ ನಿಂತ ಹೆಂಗಸರಿಗೆ ಹೇಳಬೇಕಾಗಿಲ್ಲ.

ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಅನೇಕ ಜಾತಿಯ ಮೀನುಗಳು ಮರಿಯಿಡುವುದೂ ಆ ಕಾಲದಲ್ಲಿಯೇ. ದೋಣಿ ಇಳಿಸದಿದ್ದುದು ಜೀವಭಯದಿಂದ. ಅದರ ಲಾಭ ಮತ್ಸ್ಯಸಂತತಿಗೂ ದೊರೆಯಿತು. ಇದನ್ನು ಪೂರ್ವಿಕರ ವಿಜ್ಞಾನವೆಂದು ಕೊಂಡಾಡುವವರುಂಟು. ಅಷ್ಟು ದೂರ ಹೋಗುವುದು ಅನಾವಶ್ಯಕ. ಇದಕ್ಕಿಂತ ಗಮನಾರ್ಹವಾದುದು, ಪೂಜೆಯಾದ ಮೇಲೆಯೇ ಕಡಲಿಗಿಳಿಯಬೇಕೆಂಬ ರೂಢಿಯು ಉಳ್ಳವನಿಗೂ ಇಲ್ಲದವನಿಗೂ ಒಂದೇ ಆರಂಭದಿನವನ್ನು ಗೊತ್ತುಮಾಡಿದ್ದು. ರಂಪಣಿಯ ಕಾಲಕ್ಕೆ ಇದು ಚೆನ್ನಾಗಿ ಹೊಂದುತ್ತಿತ್ತು. ಆ ದೊಡ್ಡ ಬಲೆಯನ್ನು ದಡದಿಂದ ಎಳೆಯಲು ಹಲವು ಹತ್ತು ಜನ ಬೇಕು. ಬಂದ ಬಂಗುಡೆ, ಬೂತಾಯಿಗಳು ಪಾಲಾಗಿ ಹಂಚಿಕೆಯಾಗುತ್ತಿದ್ದವು. 1970ರ ದಶಕದ ಉತ್ತರಾರ್ಧದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು.

ಕಟ್ಟಳೆಯನ್ನು ಕಾಯುತ್ತಿದ್ದವರು ಗ್ರಾಮದ ಗುರಿಕಾರರು. ಅವರ ಮಾತಿನ ಹಿಂದೆ ದೈವದ ಭಯವಿತ್ತು. ಕರಾವಳಿಯುದ್ದಕ್ಕೂ ಮೊಗವೀರರು ನಂಬುವ ಬೊಬ್ಬರ್ಯನು ಪಾಡ್ದನದ ಪ್ರಕಾರ ಮುಸಲ್ಮಾನ ತಂದೆಗೆ ಹುಟ್ಟಿ, ಕಡಲ ವ್ಯಾಪಾರದಲ್ಲಿ ತೊಡಗಿ, ಮಡಿದು ದೈವವಾದವನು. ಅವನಿಗೆ ಕೋಲ ಕೊಡುವ ಹಿಂದೂ ಮೀನುಗಾರರಿಗೆ ಇದರಲ್ಲಿ ಯಾವ ವಿರೋಧವೂ ಕಂಡಿಲ್ಲ. ಕಡಲಿನಲ್ಲಿ ಕುಲ ವಿಚಾರಿಸಲು ಪುರಸೊತ್ತೆಲ್ಲಿಯದು?

ಈಗ ಕಡಲನ್ನು ಮುಚ್ಚಿ ತೆರೆಯುವುದು ಸರಕಾರದ ಆಜ್ಞೆ. 2015ರಿಂದ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನಗಳ ಏಕರೂಪ ನಿಷೇಧವನ್ನು ಕೇಂದ್ರವು ಗೊತ್ತುಮಾಡಿತು. ಕರ್ನಾಟಕದಲ್ಲಿ ಸಣ್ಣ ಯಂತ್ರದ ನಾಡದೋಣಿಗಳಿಗೆ ವಿನಾಯಿತಿಯುಂಟು. ಚಾಂದ್ರಮಾನದ ಹುಣ್ಣಿಮೆಯಾದರೋ ಒಂದೇ ತಾರೀಖಿಗೆ ನಿಲ್ಲದು. 2025ರಲ್ಲಿ ಅದು ಆಗಸ್ಟ್ 9ಕ್ಕೆ ಬಂದಿತು. ಅಧಿಕಮಾಸವಿದ್ದ 2023ರಲ್ಲಿ ಆಗಸ್ಟ್ 30ಕ್ಕೆ. ಅಂದರೆ ಕಾನೂನು ಬಾಗಿಲು ತೆರೆದು ಒಂದು ತಿಂಗಳಾದ ಮೇಲೆ ಪೂಜೆ. ಕಾಯುವವನು ಆ ತಿಂಗಳ ಮೀನನ್ನು ಕಾಯದವನಿಗೆ ಬಿಟ್ಟುಕೊಡಬೇಕು. ಸಾಲದ ಕಂತಾದರೋ ತಿಥಿ ನೋಡಿ ಬರುವುದಿಲ್ಲ.

ಈ ದೃಷ್ಟಿಯಿಂದ ಮಹಾರಾಷ್ಟ್ರದ ಹಿಂದಿನ ನಿಯಮವು ಹೆಚ್ಚು ವಿವೇಕದ್ದಾಗಿತ್ತು. ಅಲ್ಲಿ ಜೂನ್ 10ಕ್ಕೆ ತೊಡಗುತ್ತಿದ್ದ ನಿಷೇಧವು ನಾರಳೀ ಪೌರ್ಣಿಮೆ ಅಥವಾ ಆಗಸ್ಟ್ 15, ಇವೆರಡರಲ್ಲಿ ಯಾವುದು ಮೊದಲೋ ಅಂದಿಗೆ ಮುಗಿಯುತ್ತಿತ್ತು. ಹಬ್ಬದ ಹೆಸರನ್ನೇ ನಿಯಮದೊಳಗೆ ಬರೆದಿದ್ದುದರಿಂದ, ಕೋಳಿಯು ಸಮುದ್ರಕ್ಕೆ ತೆಂಗಿನಕಾಯಿ ಸಲ್ಲಿಸುವುದಕ್ಕೂ ಬಲೆ ಬೀಸುವುದಕ್ಕೂ ನಡುವೆ ಬೀಳುವ ಅಂತರ ಕಡಿಮೆಯಾಗುತ್ತಿತ್ತು.